ಚೀಲವನ್ನು ಎದೆಗೆ ಹಾಕಿಕೊಂಡು ನಡೆದು ನೋಡಿ

ಮಕ್ಕಳೇ, ಈ ವಾರದ ಪಾಠಕ್ಕೆ ಮೊದಲು ಒಂದು ಸಣ್ಣ ಕೆಲಸ. ಶಾಲೆಯ ಚೀಲಕ್ಕೆ ಪುಸ್ತಕ ತುಂಬಿ, ಬೆನ್ನಿನ ಬದಲು ಎದೆಗೆ ಹಾಕಿಕೊಳ್ಳಿ. ಅಂಗಳದಲ್ಲಿ ಹತ್ತು ಸುತ್ತು ನಡೆಯಿರಿ. ಭುಜ ತಾನಾಗಿ ಹಿಂದಕ್ಕೆ ಹೋಯಿತೇ? ಸೊಂಟ ಬಳುಕಿ ನೋಯಿತೇ? ಕೆಳಗೆ ನೋಡಿದರೆ ಪಾದ ಕಾಣಲಿಲ್ಲವೇ? ನೀವು ಚೀಲ ಇಳಿಸಿ ಆಟಕ್ಕೆ ಓಡಬಹುದು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿರುವ ನಿಮ್ಮ ಅತ್ತೆ ಹಾಗೆ ಇಳಿಸುವಂತಿಲ್ಲ.

ಅತ್ತೆಯ ಮೈಯಲ್ಲಿ ಏನೇನು ನಡೆಯುತ್ತಿದೆ, ಕೇಳಿ. ಗರ್ಭಕೋಶ ಮೊದಲು ಮುಷ್ಟಿಯಷ್ಟು ದೊಡ್ಡದು, ತೂಕ ಸುಮಾರು 70 ಗ್ರಾಂ. ನಾಲ್ಕೈದು ತಿಂಗಳಿಗೆ ಅದು ನಮ್ಮ ದೇವನಹಳ್ಳಿಯ ಚಕ್ಕೋತದಷ್ಟಾಗುತ್ತದೆ. ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಪಕ್ಕೆಲುಬಿನವರೆಗೆ ಬೆಳೆದು, ಅದರ ತೂಕವೇ ಒಂದು ಕಿಲೋ ಸಮೀಪಿಸುತ್ತದೆ. ಒಳಗಿರುವ ಮಗುವಿನ ತೂಕ ಬೇರೆ. ಮೈಯಲ್ಲಿ ರಕ್ತ ಮೊದಲಿಗಿಂತ ಹೆಚ್ಚುಕಡಿಮೆ ಅರ್ಧದಷ್ಟು ಹೆಚ್ಚುತ್ತದೆ. ಅಷ್ಟನ್ನೂ ತಳ್ಳಲು ಹೃದಯ ಬೇಗ ಬೇಗ ಬಡಿಯಬೇಕು. ಹೆರಿಗೆಗೆ ದಾರಿಯಾಗಲೆಂದು ರಿಲ್ಯಾಕ್ಸಿನ್ ಮುಂತಾದ ಹಾರ್ಮೋನುಗಳು ಕೀಲುಗಳ ಕಟ್ಟನ್ನು ಸಡಿಲಿಸುತ್ತವೆ. ಅದಕ್ಕೇ ಅತ್ತೆ ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾರೆ, ಹೆಜ್ಜೆಯನ್ನು ನೋಡಿ ನೋಡಿ ಇಡುತ್ತಾರೆ. ಅದು ಸೋಮಾರಿತನವಲ್ಲ.

ಈಗ ಅಜ್ಜಿಯರ ಪ್ರಶ್ನೆ ಬರುತ್ತದೆ. “ನಾವು ನೋವು ಕಾಣಿಸಿಕೊಳ್ಳುವ ತನಕ ರಾಗಿ ಬೀಸಿದೆವು, ಬಾವಿಯಿಂದ ನೀರು ಸೇದಿದೆವು. ಇವರಿಗೇಕೆ ವ್ಯಾಯಾಮ?” ನಿಜ, ಅಜ್ಜಿ. ನಿಮಗೆ ಕೆಲಸವೇ ವ್ಯಾಯಾಮವಾಗಿತ್ತು. ಆದರೆ ತುಂಬಿದ ಬಿಂದಿಗೆ ಹೊರುವುದೂ ಹಾಯಾಗಿ ನಡೆಯುವುದೂ ಒಂದೇ ಅಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮುಂದೆ ಇಡೀ ದಿನ ನಿಂತವಳ ಕಾಲು ಊದಿಕೊಳ್ಳುತ್ತದೆ. ಗಾರ್ಮೆಂಟ್ಸ್‌ನಲ್ಲಿ ಇಡೀ ದಿನ ಕುಳಿತವಳ ಸೊಂಟ ಹಿಡಿದುಕೊಳ್ಳುತ್ತದೆ. ಇಬ್ಬರಿಗೂ ದಣಿವಾಗಿದೆ, ಮೈಗೆ ಬೇಕಾದ ಚಲನೆ ಸಿಕ್ಕಿಲ್ಲ.

ತೊಂದರೆಯಿಲ್ಲದ ಬಸುರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರದಲ್ಲಿ ಐದು ದಿನ ಅರ್ಧ ಗಂಟೆ ನಡೆದರೆ ಅಷ್ಟಾಯಿತು. ಬೆಳಗಿನ ತಂಪಿನಲ್ಲಿ ನಡೆಯಬೇಕು. ಎಷ್ಟು ಬೇಗ? ನಡೆಯುತ್ತಾ ನಿಮ್ಮೊಡನೆ ಮಾತಾಡಲು ಉಸಿರು ಸಾಲಬೇಕು. ಮಾತು ತುಂಡಾದರೆ ನಿಧಾನಿಸಬೇಕು. ರಕ್ತಸ್ರಾವ, ಏರಿದ ರಕ್ತದೊತ್ತಡ, ಬಹಳ ರಕ್ತಹೀನತೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಏನೂ ಮಾಡಬಾರದು. ಕೇಳುವುದಕ್ಕೆ ಪ್ರತಿ ತಿಂಗಳ 9ನೇ ತಾರೀಕು ಒಳ್ಳೆಯ ದಿನ. ಅಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ಮರೆಯದಂತೆ ನೆನಪಿಸುವ ಕೆಲಸ ನಿಮ್ಮದು.

ಇನ್ನು ಬಾಣಂತನ. ಅಜ್ಜಿ ಕೊಡುವ ಬಿಸಿ ಊಟ, ಎಣ್ಣೆ ನೀವಿಕೆ, “ನೀನು ಮಲಗು, ಮಗುವನ್ನು ನಾನು ನೋಡಿಕೊಳ್ಳುತ್ತೇನೆ” ಎಂಬ ಮಾತು, ಇವೆಲ್ಲ ಔಷಧಿಯೇ. ಆದರೆ ಹಗಲಿರುಳೂ ಮಂಚ ಬಿಟ್ಟು ಇಳಿಯಬೇಡ ಎನ್ನುವುದು ಬೇಡ. ಅಲುಗಾಡದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಅದಕ್ಕೇ ಸಿಸೇರಿಯನ್ ಆದವರನ್ನೂ ಸಾಮಾನ್ಯವಾಗಿ ಒಂದು ದಿನದೊಳಗೆ ಕೈಹಿಡಿದು ಎಬ್ಬಿಸಿ ನಡೆಸುತ್ತಾರೆ. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂಬುದೂ ಸರಿಯಲ್ಲ. ಹಾಲೂಡಿಸುವವರಿಗೆ ಬಾಯಾರಿಕೆ ಹೆಚ್ಚು, ಕೇಳಿದಷ್ಟು ನೀರು ಕೊಡಿ.

ಹೊಟ್ಟೆಗೆ ಸೀರೆ ಕಟ್ಟುವುದು? ಹದವಾಗಿ ಕಟ್ಟಿದರೆ ಸೊಂಟಕ್ಕೆ ಆಸರೆ. ಆದರೆ ಬಟ್ಟೆ ಸ್ನಾಯುವನ್ನು ಬಲಪಡಿಸದು. ಬಿಗಿಯಾಗಿ ಬಿಗಿದರೆ ಉಸಿರೂ ಕಟ್ಟುತ್ತದೆ, ಕಿಬ್ಬೊಟ್ಟೆಯ ಕೆಳಗೂ ಒತ್ತಡ ಬೀಳುತ್ತದೆ. ಗರ್ಭಕೋಶ ಸುಮಾರು ಆರು ವಾರದಲ್ಲಿ ತಾನಾಗಿಯೇ ಕುಗ್ಗುತ್ತದೆ. ಹೊಟ್ಟೆಯ ನಡುವೆ ದೂರ ಸರಿದ ಸ್ನಾಯುಗಳು ಹತ್ತಿರ ಬರಲು ತಿಂಗಳುಗಳೇ ಬೇಕು. ಅಲ್ಲಿಯವರೆಗೆ “ಇನ್ನೂ ಹೊಟ್ಟೆ ಇಳಿದಿಲ್ಲವಲ್ಲ” ಎಂದು ಯಾರೂ ಅನ್ನಬೇಡಿ.

ಅಜ್ಜಿಯೂ ಬಾಣಂತಿಯೂ ಜೊತೆಯಲ್ಲೇ ಮಾಡಬಹುದಾದ ಒಂದು ವ್ಯಾಯಾಮವಿದೆ. ಮೂತ್ರ ತಡೆಯುವಾಗ ಬಿಗಿಯಾಗುವ ಸ್ನಾಯುವನ್ನು ಐದು ಎಣಿಸುವ ತನಕ ಬಿಗಿಹಿಡಿದು, ಮತ್ತೆ ಐದು ಎಣಿಸುತ್ತ ಸಡಿಲ ಬಿಡುವುದು. ಉಸಿರು ಕಟ್ಟಬಾರದು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೆರಿಗೆಯಲ್ಲಿ ಎಳೆದುಹೋದ ಈ ಸ್ನಾಯು ಸಡಿಲವಾಗಿಯೇ ಉಳಿದರೆ ಕೆಮ್ಮಿದಾಗ, ನಕ್ಕಾಗ ಮೂತ್ರ ಜಾರುತ್ತದೆ. ಎಷ್ಟೋ ಅಜ್ಜಿಯರು ಇದನ್ನು ವಯಸ್ಸಿನ ಕಾಟವೆಂದು ಯಾರಿಗೂ ಹೇಳದೆ, ಮದುವೆ ಮನೆಗೂ ಹೋಗದೆ ಉಳಿದಿದ್ದಾರೆ. ನಾಚಿಕೆ ಬೇಡ. ಅರವತ್ತು ದಾಟಿದ ಮೇಲೂ ಈ ವ್ಯಾಯಾಮದಿಂದ ಗುಣ ಕಾಣಬಹುದು. ಎಣಿಸುವ ಕೆಲಸಕ್ಕೆ ಮೊಮ್ಮಕ್ಕಳಿದ್ದಾರೆ.

ತಾತಂದಿರೇ, ಒಂದು ವಿಷಯ ನೀವೂ ನೆನಪಿಡಿ. ಬಾಣಂತಿಗೆ ಬಟ್ಟೆ ಮೇಲೆ ಬಟ್ಟೆ ತೋಯುವಷ್ಟು ರಕ್ತ ಹೋದರೆ, ಚಳಿಜ್ವರ ಬಂದರೆ, ಒಂದೇ ಕಾಲು ಊದಿ ನೋಯುತ್ತಿದ್ದರೆ, ತಲೆನೋವಿನೊಡನೆ ಕಣ್ಣು ಮಂಜಾದರೆ, ಉಸಿರು ಸಿಕ್ಕಿಕೊಂಡರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಕರ್ನಾಟಕದಲ್ಲಿ 2001–03ರಲ್ಲಿ ಲಕ್ಷ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಉಳಿದವರನ್ನೂ ಉಳಿಸಿಕೊಳ್ಳಬೇಕಲ್ಲವೇ?

ಮಕ್ಕಳೇ, ಈ ವಾರ ನಿಮ್ಮ ಪಾಲಿನ ಕೆಲಸ ಮೂರು. ಬಾಣಂತಿ ಮಗುವಿಗಿಂತ ಭಾರದ್ದನ್ನು ಎತ್ತದಂತೆ ಬಿಂದಿಗೆ, ಬಕೆಟ್ ನೀವೇ ಒಯ್ಯಿರಿ. ಕಬ್ಬಿಣಾಂಶದ ಮಾತ್ರೆ ನೆನಪಿಸಿ. ಹೆರಿಗೆಯಾದ ಮೇಲೂ 180 ದಿನ ನುಂಗಬೇಕು. ಸಂಜೆ ಅಮ್ಮನೋ ಅತ್ತೆಯೋ ನಡೆಯಲು ಹೊರಟರೆ ತೊಟ್ಟಿಲ ಬಳಿ ಅಜ್ಜಿಯ ಜೊತೆ ಕಾವಲಿರಿ. ಪಾಪು ಅತ್ತರೆ ಗಾಬರಿ ಬೇಡ. ಅಜ್ಜಿಗೆ ಜೋಗುಳ ಬರುತ್ತದೆ.