ಟೊಂಕದ ಕೀಲು

ಕಳೆದ ತಿಂಗಳು ಈ ಪುಟದಲ್ಲಿ ಮೊಣಕಾಲ ಕೀಲಿನ ವಿಚಾರವನ್ನು ಬರೆದಿದ್ದೆವಷ್ಟೆ. ಅದನ್ನೋದಿದ ಸವದತ್ತಿಯ ವಾಚಕರೊಬ್ಬರು, "ನೋಯುವುದು ನನ್ನ ಮೊಣಕಾಲು, ವೈದ್ಯರಾದರೋ ಮೊಣಕಾಲಿನಲ್ಲಿ ದೋಷವಿಲ್ಲ, ಟೊಂಕದ ಕೀಲು ಸವೆದಿದೆ ಎನ್ನುತ್ತಾರೆ. ಇದು ಹೇಗೆ?" ಎಂದು ಕೇಳಿ ಬರೆದಿದ್ದಾರೆ. ಪ್ರಶ್ನೆ ಯೋಗ್ಯವಾದುದು. ನಮ್ಮ ಆಡುಮಾತಿನಲ್ಲಿ ಟೊಂಕವೆಂದರೆ ಬೆನ್ನಿನ ಕೆಳಭಾಗವೆಂದೇ ರೂಢಿ. ಕೀಲು ಇರುವುದು ಅಲ್ಲಲ್ಲ, ತೊಡೆಸಂದಿಯ ಆಳದಲ್ಲಿ. ಸಂಸ್ಕೃತದಲ್ಲಿ ಆ ಸ್ಥಳಕ್ಕೆ ವಂಕ್ಷಣವೆಂದು ಹೆಸರು. ಅದು ಕೆಟ್ಟಾಗ ನೋವು ಬಹುಧಾ ತೊಡೆಸಂದಿಯಲ್ಲಿ ಕಾಣುವುದು. ಕೆಲವೊಮ್ಮೆ ಮೊಣಕಾಲಿನಲ್ಲಿ ಮಾತ್ರವೇ ಕಾಣುವುದು. ಎರಡೂ ಕೀಲುಗಳಿಗೆ ಹೋಗುವ ನರಗಳಲ್ಲಿ ಕೆಲವು ಒಂದೇ ಆಗಿರುವುದರಿಂದ ಈ ಭ್ರಮೆ ಹುಟ್ಟುತ್ತದೆ.

ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಕೀಲುಗಳನ್ನು 8 ಬಗೆಯಾಗಿ ವಿಂಗಡಿಸಿದೆ. ಅವುಗಳಲ್ಲಿ ಕಂಕುಳ, ವಂಕ್ಷಣ ಮತ್ತು ಹಲ್ಲುಗಳ ಸಂಧಿಗಳಿಗೆ ಉಲೂಖಲವೆಂದು ಹೆಸರು. ಉಲೂಖಲವೆಂದರೆ ನಮ್ಮ ಮನೆಯ ಒಳ್ಳು. ಒನಕೆಯ ತುದಿ ಒಳ್ಳಿನಲ್ಲಿ ಹೇಗೋ, ತೊಡೆಯೆಲುಬಿನ ತಲೆ ಶ್ರೋಣಿಯ ಕುಳಿಯಲ್ಲಿ ಹಾಗೆ. ಅದೇ ಕುಳಿಗೆ ರೋಮನ್ನರು ತಮ್ಮ ಊಟದ ಹುಳಿರಸದ ಬಟ್ಟಲಿನ ಹೆಸರನ್ನಿಟ್ಟರು. ಒಬ್ಬರಿಗೆ ಬಟ್ಟಲು, ಒಬ್ಬರಿಗೆ ಒಳ್ಳು. ಒಟ್ಟಿನಲ್ಲಿ ಶರೀರಶಾಸ್ತ್ರ ಅಡಿಗೆಮನೆಯನ್ನು ಬಿಟ್ಟು ದೂರ ಹೋಗಿಲ್ಲ.

ಸುಶ್ರುತನು ಇದನ್ನು ಊಹಿಸಿ ಬರೆದವನಲ್ಲ. ಶವವನ್ನು ಹುಲ್ಲಿನಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ 7 ರಾತ್ರಿ ಮುಳುಗಿಸಿ, ಬಳಿಕ ಲಾವಂಚದ ಬೇರು, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲನೆ ತಿಕ್ಕುತ್ತ ಪದರಪದರವಾಗಿ ನೋಡಬೇಕೆಂದು ಅವನ ವಿಧಿ. ಸಂಸ್ಕೃತ ಪಾಠಶಾಲೆಯಲ್ಲಿ ಇದನ್ನು ಓದಿದಾಗ ನಮಗೆ ಮೈ ಜುಮ್ಮೆಂದಿತ್ತು. ಅಂಥ ಧೈರ್ಯವಂತರು ಪುಸ್ತಕದಲ್ಲಿ ಮಾತ್ರ ಇರುತ್ತಾರೆಂದುಕೊಂಡಿದ್ದೆವು. ಆದರೆ ನಮ್ಮ ಬೈಲಹೊಂಗಲದ ವೈದ್ಯರಾದ ಡಾ. ಬಸವಣ್ಣೆಪ್ಪ ರಾಮಣ್ಣವರು ತಮ್ಮ ದೇಹವನ್ನು ಮಗನೇ ಛೇದಿಸಿ ವಿದ್ಯಾರ್ಥಿಗಳಿಗೆ ತೋರಿಸಬೇಕೆಂದು ಬಯಸಿದ್ದರು. ಅವರು ತೀರಿಕೊಂಡದ್ದು 2008ರ ನವೆಂಬರಿನಲ್ಲಿ. 2010ರ ನವೆಂಬರಿನಲ್ಲಿ, ಎರಡನೆಯ ಪುಣ್ಯತಿಥಿಯಂದು, ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಕಂಕಣವಾಡಿ ಆಯುರ್ವೇದ ಮಹಾವಿದ್ಯಾಲಯದಲ್ಲಿ ಶರೀರರಚನಾಶಾಸ್ತ್ರದ ಅಧ್ಯಾಪಕರಾಗಿದ್ದ ಮಗ ಡಾ. ಮಹಾಂತೇಶ ರಾಮಣ್ಣವರು ಆ ಇಚ್ಛೆಯನ್ನು ನಡೆಯಿಸಿದರು. ತಂದೆಯ ಶ್ರಾದ್ಧವನ್ನು ಹೀಗೂ ಮಾಡಬಹುದೆಂಬುದು ನಮ್ಮ ಸೀಮೆಗೆ ಹೊಸತು. ಅಂದು ಅನೇಕರು ಮೂಗುಮುರಿದರು. ನಾವೂ ಒಂದೆರಡು ದಿನ ಮೌನವಾಗಿದ್ದೆವೆಂಬುದನ್ನು ಮುಚ್ಚಿಡಲಾರೆವು.

ಇನ್ನು ಕೀಲಿನ ರಚನೆ. ಶ್ರೋಣಿಯ ಪ್ರತಿಯೊಂದು ಬದಿಯಲ್ಲಿ ಮೂರು ಎಲುಬುಗಳು ಬಾಲ್ಯದಲ್ಲಿ ಬೇರೆಬೇರೆಯಾಗಿದ್ದು, ಹರೆಯದಲ್ಲಿ ಬೆಸೆದು ಒಂದಾಗುತ್ತವೆ. ಮೂರೂ ಕೂಡುವ ಎಡೆಯೇ ಆ ಕುಳಿ. ಕುಳಿಯ ಅಂಚಿಗೆ ಮೆತುವಾದ ಬಳೆಯೊಂದುಂಟು. ಅದು ಗುಂಡನ್ನು ಅಪ್ಪಿಹಿಡಿಯುವುದು. ಸುತ್ತಲೂ ದಪ್ಪ ಚೀಲ. ಚೀಲದ ಮೇಲೆ ಮೂರು ಬಂಧನಗಳು. ಮುಂದಿನದು ತಲೆಕೆಳಗಾದ ಕವಣೆಗೋಲಿನಂತೆ ಕವಲೊಡೆದಿದೆ. ಇದು ಇಡೀ ಶರೀರದ ಅತ್ಯಂತ ಬಲವುಳ್ಳ ಬಂಧನವೆಂದು ಶಾಸ್ತ್ರಜ್ಞರ ಮತ. ನೆಟ್ಟಗೆ ನಿಂತಾಗ ನಾವು ಹಿಂದಕ್ಕೆ ಮಗುಚಿಬೀಳದಂತೆ ತಡೆಯುವುದು ಇದೇ. ತೊಡೆಯೆಲುಬು ಮಾತ್ರ ನೆಟ್ಟಗೆ ಬಂದು ಕುಳಿಯನ್ನು ಸೇರುವುದಿಲ್ಲ. ಗುಂಡಿಗೂ ಕಂಬಕ್ಕೂ ನಡುವೆ ಓರೆಯಾದ ಕುತ್ತಿಗೆಯೊಂದಿದೆ. ಕಂಬಕ್ಕೂ ಅದಕ್ಕೂ ಸುಮಾರು 125 ಅಂಶಗಳ ಕೋನ. ಈ ಕುತ್ತಿಗೆಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಸ್ನಾಯುಗಳು ಇಪ್ಪತ್ತರ ಸುಮಾರಿಗೆ ಇವೆ. ಎಲ್ಲವನ್ನೂ ಹೆಸರಿಸಿ ವಾಚಕರನ್ನು ದಣಿಸೆವು. ಎಲ್ಲಮ್ಮನ ಗುಡ್ಡವನ್ನು ಏರುವಾಗ ದುಡಿಯುವುದು ಪಿರ್ರೆಯ ದೊಡ್ಡ ಸ್ನಾಯು. ಸಪಾಟು ನೆಲದಲ್ಲಿ ಸಾವಕಾಶವಾಗಿ ನಡೆವಾಗ ಅದು ಹೆಚ್ಚುಕಡಿಮೆ ನಿದ್ರಿಸುತ್ತದೆ. ರಾಮದುರ್ಗದ ನೇಕಾರನು ಕೈಮಗ್ಗದ ಕುಣಿಯಲ್ಲಿ ಕಾಲಿಳಿಸಿ ತುಳಿಗೆಯಿಂದ ಪಾದವನ್ನೆತ್ತುವಾಗ, ಬೆನ್ನೆಲುಬಿನ ಬದಿಯಿಂದ ಇಳಿದು ತೊಡೆಯ ಒಳಬುಡಕ್ಕಂಟಿದ ಸ್ನಾಯು ಎಳೆಯುತ್ತದೆ. ಕಿತ್ತೂರಿನ ಕಡೆಯ ಪೈಲವಾನನು ಎದುರಾಳಿಯನ್ನು ತೊಡೆಗಳ ನಡುವೆ ಒತ್ತಿ ಹಿಡಿವುದು ಒಳತೊಡೆಯ ಸ್ನಾಯುಗಳಿಂದ.

ಆದರೆ ನಿತ್ಯದ ಭಾರವೆಲ್ಲ ಇನ್ನೊಂದು ಸ್ನಾಯುವಿನ ಮೇಲೆ. ಅದು ಪಿರ್ರೆಯ ಪಕ್ಕದಲ್ಲಿ ಅಡಗಿರುವ ಮಧ್ಯಮ ಸ್ನಾಯು. ನಡೆವಾಗ ಪ್ರತಿ ಹೆಜ್ಜೆಯಲ್ಲೂ ಕ್ಷಣಕಾಲ ಒಂದೇ ಕಾಲಿನ ಮೇಲಿರುತ್ತೇವೆ. ಬಲಗಾಲ ಮೇಲಿದ್ದಾಗ ಶರೀರದ ಭಾರ ಎಡಕ್ಕೆ ಜಗ್ಗುತ್ತದೆ. ಶ್ರೋಣಿ ಎಡಕ್ಕೆ ವಾಲದಂತೆ ಬಲಪಕ್ಕದ ಈ ಸ್ನಾಯು ಬಿಗಿಹಿಡಿಯಬೇಕು. ಒಂದು ಬದಿ ಮೋಟಾದ ತಕ್ಕಡಿಯನ್ನು ನೆನೆಯಿರಿ: ಮೋಟುಬದಿಗೆ ಸ್ನಾಯು, ಉದ್ದಬದಿಗೆ ಶರೀರ. ಸಮತೂಕವಾಗಲು ಮೋಟುಬದಿಯಲ್ಲಿ ಹೆಚ್ಚು ಬಲ ಬೇಕು. ಆದಕಾರಣ ಒಂಟಿಕಾಲಲ್ಲಿ ನಿಂತವನ ಕೀಲಿನ ಮೇಲೆ ಅವನ ತೂಕದ ಎರಡೂವರೆ ಮೂರು ಪಟ್ಟು ಒತ್ತಡ ಬೀಳುತ್ತದೆ. ಈ ಸ್ನಾಯು ಸೋತವನು ಹೆಜ್ಜೆಹೆಜ್ಜೆಗೂ ಓಲಾಡುತ್ತಾನೆ. ಈ ಲಕ್ಷಣವನ್ನು ಜರ್ಮನಿಯ ಟ್ರೆಂಡೆಲೆನ್‌ಬರ್ಗ್ ಎಂಬ ಶಸ್ತ್ರವೈದ್ಯನು 1895ರಲ್ಲಿ ವಿವರಿಸಿದನು.

ಮೂರು ವರ್ಷಗಳ ಹಿಂದೆ ನಮ್ಮ ಅಕ್ಕನವರು, ಆಗ ಅವರಿಗೆ ವಯಸ್ಸು 72, ಬಚ್ಚಲಲ್ಲಿ ಜಾರಿ ಬಲಮಗ್ಗುಲಾಗಿ ಬಿದ್ದರು. ಬಾವು ಕಾಣಲಿಲ್ಲ, ರಕ್ತ ಬರಲಿಲ್ಲ. "ಕಾಲು ಏಳವಲ್ಲದೋ ತಮ್ಮಾ" ಎಂದರು. ಉಳುಕಿರಬೇಕೆಂದು ನೆರೆಯೂರಿನ ನಾಟಿ ವೈದ್ಯನನ್ನು ಕರೆಯಿಸಿ ಎಣ್ಣೆ ತಿಕ್ಕಿಸಿದೆವು; ಹೀಗೆ 18 ದಿನ. ಕರೆಯಿಸಿದವನು ನಾನೇ. ಅವರ ಬಲಗಾಲು ಎಡಗಾಲಿಗಿಂತ ಗಿಡ್ಡವಾಗಿ, ಪಾದ ಹೊರಕ್ಕೆ ಹೊರಳಿ ಮಲಗಿದ್ದುದನ್ನು ದಿನವೂ ನೋಡುತ್ತಿದ್ದೆ. ಅದರ ಅರ್ಥ ತಿಳಿಯಲಿಲ್ಲ. ಕುತ್ತಿಗೆ ಮುರಿದಾಗ ತೊಡೆಯ ಸ್ನಾಯುಗಳು ಎಲುಬನ್ನು ಮೇಲಕ್ಕೆಳೆದುಕೊಳ್ಳುತ್ತವೆ. ಆದುದರಿಂದ ಕಾಲು ಗಿಡ್ಡವಾಗುತ್ತದೆ, ಹೊರಕ್ಕೆ ತಿರುಗುತ್ತದೆ. ವೃದ್ಧರು ಬಿದ್ದ ಮೇಲೆ ಇವು ಕಂಡರೆ ಕ್ಷ-ಕಿರಣದ ಚಿತ್ರ ತೆಗೆಯಿಸದೆ ಒಂದು ರಾತ್ರಿಯೂ ಕಳೆಯಬಾರದು. ಸೀಳು ಸಣ್ಣದಿದ್ದರೆ ಇವೆರಡೂ ಕಾಣದೆ ಇರಬಹುದು; ತೊಡೆಸಂದಿಯ ನೋವಿನಿಂದ ಕಾಲೂರಲಾಗದಿರುವುದೇ ಸಾಕು, ಆಸ್ಪತ್ರೆಗೆ ಒಯ್ಯತಕ್ಕದ್ದು. ತಿಕ್ಕುವುದಂತೂ ಸರ್ವಥಾ ಕೂಡದು. ಗುಂಡಿಗೆ ರಕ್ತವನ್ನೊಯ್ಯುವ ನಾಳಗಳು ಬಹುಪಾಲು ಈ ಕುತ್ತಿಗೆಯ ಮೇಲೆಯೇ ಹಬ್ಬಿರುವುದರಿಂದ, ಮುರಿದ ಎಲುಬು ಸರಿದರೆ ಅವು ಹರಿದು, ಗುಂಡು ಒಳಗೇ ಸತ್ತುಹೋಗುವ ಸಂಭವವಿದೆ.

ಕೊನೆಗೆ ಬೆಳಗಾವಿಯಲ್ಲಿ ಅಕ್ಕನವರ ಎಲುಬಿನ ಗುಂಡನ್ನು ತೆಗೆದು ಲೋಹದ ಗುಂಡನ್ನು ಕೂಡಿಸಿದರು. ಗುಂಡು, ಕುಳಿ ಎರಡನ್ನೂ ಬದಲಿಸುವ ಇಂದಿನ ಪದ್ಧತಿ ಇಂಗ್ಲಂಡಿನ ಜಾನ್ ಚಾರ್ನ್ಲಿಯವರಿಂದ 1962ರಲ್ಲಿ ನೆಲೆಗೊಂಡಿತು. ಸವದತ್ತಿಯ ವಾಚಕರಿಗೆ ವೈದ್ಯರು ಸೂಚಿಸುವುದು ಪ್ರಾಯಶಃ ಅದನ್ನೇ. ಹಾಸಿಗೆ ಹಿಡಿದ 18 ದಿನಗಳಲ್ಲಿ ಅಕ್ಕನವರ ಬೆನ್ನಿಗಾದ ಹುಣ್ಣು ಮಾಯಲು ಶಸ್ತ್ರಕ್ರಿಯೆಯ ಗಾಯಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಊರುಗೋಲಿನ ಮಾತೊಂದು ಉಳಿಯಿತು. ನೋಯುವ ಕೀಲು ಬಲದ್ದಾದರೆ ಕೋಲು ಎಡಗೈಯಲ್ಲಿರಬೇಕು. ಎಡಕ್ಕೆ ಜಗ್ಗುವ ಭಾರವನ್ನು ದೂರದಲ್ಲಿ ನಿಂತ ಕೋಲು ಹೊರುವುದರಿಂದ ಬಲಪಕ್ಕದ ಸ್ನಾಯು ಅಷ್ಟು ಎಳೆಯಬೇಕಾಗಿಲ್ಲ. ಕೀಲಿನ ಒತ್ತಡವೂ ತಗ್ಗುತ್ತದೆ. ಬಲಗೈಯಲ್ಲಿ ಹಿಡಿದರೆ ಈ ಲಾಭ ಹೆಚ್ಚಾಗಿ ದೊರೆಯದು. ಅಕ್ಕನವರು ಈಗ ಎಡಗೈಯಲ್ಲೇ ಕೋಲು ಹಿಡಿದು ಸಂಜೆ ಗುಡಿಯವರೆಗೆ ಹೋಗಿಬರುತ್ತಾರೆ. ಓಣಿಯವರು ಮಾತ್ರ ಇನ್ನೂ "ಅಕ್ಕಾರ, ಕೋಲು ತಪ್ಪು ಕೈಯಾಗ ಹಿಡದೀರಿ" ಎನ್ನುವುದನ್ನು ಬಿಟ್ಟಿಲ್ಲ.