ಓಟದ ಹುಡುಗಿಯೂ ಕನ್ನಡದ ಕಥೆಯೂ

ಅನಿಮೆ ಎಂದು ಕರೆಯಲ್ಪಡುವ ಜಪಾನೀ ಬೊಂಬೆಚಿತ್ರಗಳನ್ನು ನೋಡಿ ಹೆಣ್ಣುಮಕ್ಕಳು ಕೆಡುತ್ತಿದ್ದಾರೆಂಬ ದೂರು ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಕಟ್ಟೆಗಳಿಂದ ಹಿಡಿದು ಸುಶಿಕ್ಷಿತರ ನಡುಮನೆಗಳವರೆಗೆ ಈಚೆಗೆ ಕೇಳಿಬರುತ್ತಿದೆ. ದೂರುವ ಮಹನೀಯರಲ್ಲಿ ಅನೇಕರು ಆ ಚಿತ್ರಗಳನ್ನು ನೋಡಿದವರಲ್ಲ. ನೋಡದೆಯೇ ತೀರ್ಪು ಕೊಡುವುದು ಸುಲಭ. ಅಂತಹ ಮಾಲೆಯೊಂದನ್ನು ಎದುರಿಗಿಟ್ಟುಕೊಂಡು ಮಾತನಾಡುವುದು ನ್ಯಾಯ.

‘ಬ್ಯಾಟಲ್ ಅಥ್ಲೀಟ್ಸ್’ ಎಂಬ ಮಾಲೆಯು ಜಪಾನಿನಲ್ಲಿ 1997ರಲ್ಲಿ ಹೊರಟಿತು. 2021ರಲ್ಲಿ ಅದಕ್ಕೆ ಹೊಸ ಅವತಾರವೊಂದು ಬಂದಿತು. ಕಥೆ ನಡೆಯುವುದು 4999ನೆಯ ಇಸವಿಯಲ್ಲಿ. ಭೂಮಿಯಿಂದಲೂ ಚಂದ್ರಲೋಕದಿಂದಲೂ ಬಂದ ಹುಡುಗಿಯರು ‘ಕಾಸ್ಮೋ ಬ್ಯೂಟಿ’ ಎಂಬ ಬಿರುದಿಗಾಗಿ ಸ್ಪರ್ಧಿಸುತ್ತಾರೆ. ದಕ್ಷಿಣ ಧ್ರುವದ ಶಾಲೆಯಲ್ಲಿ ಅಭ್ಯಾಸ. ಅಲ್ಲಿ ಗೆದ್ದವರಿಗೆ ಆಕಾಶದಲ್ಲಿ ತೇಲುವ ವಿದ್ಯಾಪೀಠದಲ್ಲಿ ಪ್ರವೇಶ. ಬಿರುದಿನ ಹೆಸರು ಸೌಂದರ್ಯದ್ದಾದರೂ ಅದು ಸಲ್ಲುವುದು ಕಾಲಿನ ಬಲಕ್ಕೆ, ಎದೆಯ ದಮ್ಮಿಗೆ. ನಾಯಿಕೆ ಅಕಾರಿಯು ಆ ಬಿರುದನ್ನು ಹಿಂದೆ ಪಡೆದಿದ್ದವಳ ಮಗಳು. ತಾಯಿಯ ಕೀರ್ತಿಯೇ ಮಗಳ ಬೆನ್ನಿನ ಹೊರೆ. ಸೋತಾಗ ಅವಳು ಅಳುತ್ತಾಳೆ, ರಟ್ಟಿನ ಪೆಟ್ಟಿಗೆಯೊಳಗೆ ಅಡಗಿ ಕುಳಿತುಬಿಡುತ್ತಾಳೆ. ಆಮೇಲೆ ಎದ್ದು ಬಂದು ಮತ್ತೆ ಓಡುತ್ತಾಳೆ. ಫಲಿತಾಂಶದ ದಿನ ಬಾಗಿಲು ಹಾಕಿಕೊಂಡ ಮಗಳನ್ನು ಕಂಡ ಮನೆಗಳಿಗೆ ಆ ಪೆಟ್ಟಿಗೆ ಅಪರಿಚಿತವೇನೂ ಅಲ್ಲ.

ಈ ಮಾಲೆ ನಿರ್ದುಷ್ಟವೆಂದು ಯಾರೂ ವಾದಿಸಬೇಕಾಗಿಲ್ಲ. ಹುಡುಗಿಯರ ಮೈಯನ್ನು ಗಂಡಸಿನ ಕಣ್ಣಿಗೆ ಬಡಿಸುವ ಚಪಲವು ಅದರಲ್ಲಿ ಅಲ್ಲಲ್ಲಿ ಉಂಟು. ಆಫ್ರಿಕದಿಂದ ಬಂದ ತಾನ್ಯಾ ಎಂಬವಳನ್ನು ಕೈಕಾಲುಗಳೆರಡನ್ನೂ ಊರಿ ಮೃಗದಂತೆ ಓಡಿಸಿರುವುದು ಹಾಸ್ಯವಲ್ಲ, ಅವಿವೇಕ. ಮೂರು ಸಾವಿರ ವರ್ಷ ಮುಂದಕ್ಕೆ ಹಾರಿದ ಕಲ್ಪನೆಯು ಒಂದು ಖಂಡದ ಜನರ ವಿಷಯದಲ್ಲಿ ಹಳೆಯ ಕೊಳೆಯನ್ನೇ ಹೊತ್ತುಕೊಂಡು ಹೋಯಿತು. ಆದರೆ ಇಲ್ಲಿನ ಆಕ್ಷೇಪಣೆ ಇದಾವುದನ್ನೂ ಕುರಿತದ್ದಲ್ಲ. ಹೆಣ್ಣುಮಕ್ಕಳು ಬಿದ್ದು, ಎದ್ದು, ಗೆಲ್ಲಲೇಬೇಕೆಂದು ಹಟತೊಟ್ಟು ಓಡುವುದೆಂದರೇನು ಎಂಬುದೇ ಅದರ ತಿರುಳು.

ಇದು ಹಳೆಯ ರಾಗ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಹೆಂಗಸರು 800 ಮೀಟರ್ ಓಡಿ ದಣಿದುದನ್ನು ಪತ್ರಿಕೆಗಳು ಇಲ್ಲದ್ದನ್ನೂ ಕೂಡಿಸಿ ಬೊಬ್ಬೆ ಹಾಕಿದವು; ಓಟವನ್ನೇ ಕೈಬಿಡಲಾಯಿತು, 1960ರವರೆಗೆ ಅದು ಮರಳಲಿಲ್ಲ. ಗಂಡಸು ದಣಿದರೆ ಶೌರ್ಯ, ಹೆಂಗಸು ದಣಿದರೆ ಅನಾಹುತ! ಆ ಓಟದಲ್ಲಿ ಬೆಳ್ಳಿಯ ಪದಕ ಪಡೆದವಳು ಜಪಾನಿನ ಕಿನುಯೆ ಹಿತೊಮಿ. 24ನೆಯ ವಯಸ್ಸಿಗೇ, 1931ರಲ್ಲಿ, ತೀರಿಕೊಂಡಳು. 1964ರಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಹೆಂಗಸರ ವಾಲಿಬಾಲಿಗೆ ಮೊದಲ ಬಾರಿ ಎಡೆ ದೊರೆತಾಗ ಚಿನ್ನ ಗೆದ್ದುದು ಜಪಾನೀ ತಂಡ. ಆಟಗಾರ್ತಿಯರಲ್ಲಿ ಬಹುಪಾಲು ನೂಲಿನ ಗಿರಣಿಯೊಂದರ ಕೆಲಸದವರು. ನಾಲ್ಕು ವರ್ಷದೊಳಗೆ, 1968ರಲ್ಲಿ, ವಾಲಿಬಾಲ್ ಆಡುವ ಹುಡುಗಿಯೊಬ್ಬಳ ಚಿತ್ರಕಥೆ ‘ಅಟ್ಯಾಕ್ ನಂಬರ್ ಒನ್’ ಅಲ್ಲಿನ ಹುಡುಗಿಯರ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರತೊಡಗಿತು. ನೆಲದ ಮೇಲಿನ ಗೆಲುವನ್ನು ಕಥೆ ಎತ್ತಿಕೊಂಡಿತು. ಆ ದಾರಿಯಲ್ಲೇ ಮುಂದೆ ಅಕಾರಿ ಬಂದಳು.

ಕನ್ನಡ ನಾಡಿನಲ್ಲಿ ನೆಲದ ಮೇಲಿನ ಗೆಲುವಿಗೆ ಕೊರತೆಯಿತ್ತೆ? 1976ರಲ್ಲಿ ಭಾರತದ ಹೆಂಗಸರು ವೆಸ್ಟ್ ಇಂಡೀಸಿನೊಡನೆ ಮೊದಲ ಟೆಸ್ಟ್ ಸರಣಿಯಾಡಿದಾಗ ನಾಯಕಿಯಾಗಿದ್ದವರು ಕರ್ನಾಟಕದ ಶಾಂತಾ ರಂಗಸ್ವಾಮಿ. ಕೊಡಗಿನ ಅಶ್ವಿನಿ ನಾಚಪ್ಪನವರು ಪಿ.ಟಿ. ಉಷಾ ಅವರನ್ನೇ ಹಿಂದಿಕ್ಕಿದ ಓಟಗಾರ್ತಿ. ಅವರ ಬಾಳು 1991ರಲ್ಲಿ ‘ಅಶ್ವಿನಿ’ ಎಂಬ ಚಲಚ್ಚಿತ್ರವಾಯಿತು, ಅದರಲ್ಲಿ ಅವರ ಪಾತ್ರವನ್ನು ಅವರೇ ಅಭಿನಯಿಸಿದರು. ಆದರೆ ಚಿತ್ರ ತೆಲುಗಿನದು! ಕೊಡಗಿನ ಹುಡುಗಿಯ ಓಟಕ್ಕೆ ಕಥೆಯಾಗುವ ಯೋಗ್ಯತೆಯುಂಟೆಂಬುದನ್ನು ನೆರೆಯವರು ಕಂಡುಕೊಳ್ಳಬೇಕಾಯಿತು. ಕನ್ನಡ ಕಾದಂಬರಿಯ ಹೆಣ್ಣು ಸಹಿಸಿದ್ದಾಳೆ, ಪ್ರೀತಿಸಿದ್ದಾಳೆ, ಮನೆ ಬಿಟ್ಟು ಹೊರಟಿದ್ದಾಳೆ, ಕೆರೆ ಬಾವಿಗಳನ್ನೂ ಕಂಡಿದ್ದಾಳೆ. ಬೆವರಿಳಿಸಿ ಓಡಿ ಗೆದ್ದವಳನ್ನು ಹುಡುಕಲು ಬಹಳ ಪುಟಗಳನ್ನು ತಿರುವಬೇಕು.

ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥರ ಸ್ಕ್ವೇರ್ ಕಟ್ ಹೊಡೆತವನ್ನು ಈ ಜಿಲ್ಲೆಯ ಹಿರಿಯರು ಇಂದಿಗೂ ಕೈಬೀಸಿ ತೋರಿಸುತ್ತಾರೆ. ತೋರಿಸಲಿ, ಅದು ತೋರಿಸತಕ್ಕದ್ದೇ. ಆದರೆ ಬೆಂಗಳೂರಿನ ರೈಲು ಭದ್ರಾವತಿಯನ್ನು ಮುಟ್ಟುವ ಮುನ್ನ ಹಾದುಬರುವ ಕಡೂರಿನ ವೇದಾ ಕೃಷ್ಣಮೂರ್ತಿಯವರು 2017ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಲಾರ್ಡ್ಸ್ ಅಂಗಳದಲ್ಲಿ 35 ರನ್ನು ಮಾಡಿದರು. ಭಾರತ ಸೋತದ್ದು 9 ರನ್ನುಗಳಿಂದ. ಅಷ್ಟು ಹತ್ತಿರ ಹೋಗಿ ಸೋತ ಆ ಸಂಜೆಯಲ್ಲಿ ಒಂದು ಕಾದಂಬರಿಗಾಗುವಷ್ಟು ವಸ್ತುವಿದೆ. ಗಾಂಧಿ ಬಜಾರಿನಲ್ಲಿ ಆ ಹೊಡೆತಗಳನ್ನು ಕೈಬೀಸಿ ತೋರಿಸುವವರು ಎಷ್ಟು ಮಂದಿ?

ಎಂಟನೆಯ ತರಗತಿಯವರೆಗೆ ಮಗಳು ತಾಲ್ಲೂಕು ಕ್ರೀಡಾಕೂಟದಿಂದ ತಂದ ಬಹುಮಾನಗಳನ್ನು ಬಂದವರಿಗೆಲ್ಲ ತೋರಿಸಿ ಹಿಗ್ಗುವ ಮನೆಯೇ, ಅವಳು ಒಂಬತ್ತಕ್ಕೆ ಬಂದೊಡನೆ, ‘ಬಿಸಿಲಿಗೆ ಮೈ ಕಪ್ಪಾಗುತ್ತದೆ, ಇನ್ನು ಸಾಕು ತಾಯಿ, ಓದಿಕೋ’ ಎನ್ನುತ್ತದೆ. ತಮ್ಮನಿಗೆ ಮಾತ್ರ ಗಾಂಧಿ ಬಜಾರಿನಿಂದ ಹೊಸ ಬ್ಯಾಟು ಬರುತ್ತದೆ. ಅಕ್ಕನ ಓಟದ ಬೂಟು ಅಟ್ಟ ಸೇರುತ್ತದೆ. ಮನೆಪಾಠ ಮುಗಿಸಿ ಬಂದವಳು ಕೋಣೆಯ ಮೂಲೆಯಲ್ಲಿ ಮೊಬೈಲು ಹಿಡಿದು ಕುಳಿತು, 4999ನೆಯ ಇಸವಿಯಲ್ಲಿ ಓಡುತ್ತಿರುವ ಹುಡುಗಿಯೊಬ್ಬಳನ್ನು ನೋಡುತ್ತಾಳೆ. ಮಗಳು ಕೆಡುತ್ತಿದ್ದಾಳೆಂದು ಹೆತ್ತವರು ಹೊರಗೆ ಪಿಸುಗುಟ್ಟುವುದು ಆಗ.