ಗರ್ಭಿಣಿಯ ಬೆನ್ನು ನೋವು: ಉಪಶಮನ ಸರಿ, ಗ್ಯಾರಂಟಿ ಬೇಡ

ಗರ್ಭಿಣಿ ಬೆನ್ನು ನೋವು ಎಂದರೆ ನಮ್ಮ ಮನೆಗಳಲ್ಲಿ ಸಿಗುವ ಉತ್ತರ ಹೆಚ್ಚಾಗಿ ಒಂದೇ: ‘ಇದೆಲ್ಲ ಇದ್ದದ್ದೇ, ನಾವೂ ಹೆತ್ತವರೇ.’ ಹೀಗೆ ಹೇಳುವ ಹಿರಿಯರಲ್ಲಿ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆದರೆ ಆ ಉತ್ತರ ಕೇಳಿದವಳು ಮತ್ತೆ ಬಾಯಿ ತೆರೆಯುವುದಿಲ್ಲ. ರಾತ್ರಿ ಮಗ್ಗುಲು ಬದಲಿಸಲಾಗದೆ ಮೊಬೈಲ್ ಹಿಡಿದು ಮಲಗಿದಾಗ, ಅವಳ ನೋವನ್ನು ಅರ್ಥ ಮಾಡಿಕೊಂಡಂತೆ ಮಾತನಾಡುವವರು ಅಲ್ಲಿ ಸಿಗುತ್ತಾರೆ. ಗರ್ಭಿಣಿಯನ್ನು ಮೇಜಿನ ಮೇಲೆ ಮಲಗಿಸಿ, ಸೊಂಟ ಒತ್ತಿ, ‘ಟಕ್’ ಎಂಬ ಶಬ್ದ ಬಂದೊಡನೆ ಆಕೆ ನಗುತ್ತಾ ಎದ್ದು ಹೋಗುವ ವಿಡಿಯೋ ಅದು. ಜೊತೆಗೆ ಒಂದು ಭರವಸೆ: ಸೊಂಟ ಸರಿಯಾದರೆ ಮಗು ತಾನಾಗಿ ತಿರುಗುತ್ತದೆ, ಹೆರಿಗೆ ಸುಲಭವಾಗುತ್ತದೆ, ಸಿಸೇರಿಯನ್ ತಪ್ಪುತ್ತದೆ.

ಈ ಚಿಕಿತ್ಸೆಯ ಹೆಸರು ಕೈರೊಪ್ರಾಕ್ಟಿಕ್. ಬೆಂಗಳೂರಿನಂತಹ ನಗರಗಳಲ್ಲಿ ಇದರ ಕ್ಲಿನಿಕ್‌ಗಳಿವೆ. ದುಬೈಯಲ್ಲಿ ಪರವಾನಗಿ ಪಡೆದ ಕೈರೊಪ್ರಾಕ್ಟರ್‌ಗಳಿದ್ದಾರೆ. ಅಲ್ಲಿ ಸಂಸಾರ ಹೂಡಿರುವ ನಮ್ಮ ಕರಾವಳಿಯ ಹೆಣ್ಣುಮಕ್ಕಳು ಗರ್ಭಿಣಿಯರಾದಾಗ, ತಾಯಿ ಹತ್ತಿರವಿಲ್ಲದ ಆ ಹೊತ್ತಿನಲ್ಲಿ, ಇಂತಹ ಕ್ಲಿನಿಕ್‌ನ ಜಾಹೀರಾತು ಬೇಗ ಕಣ್ಣಿಗೆ ಬೀಳುತ್ತದೆ. ಹಾಗಾಗಿ ‘ಇದನ್ನು ಮಾಡಿಸಬಹುದೇ?’ ಎಂಬ ಪ್ರಶ್ನೆ ಇಂದು ಯಾವ ಮನೆಗೂ ದೂರದ್ದಲ್ಲ.

ಈ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ನೋವು ಕಡಿಮೆಯಾಗುತ್ತದೆಯೇ ಎಂಬುದು ಒಂದು. ಹೆರಿಗೆ ಸುಲಭವಾಗುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ‘ಕೆಲವರಿಗೆ ಆಗಬಹುದು’ ಎನ್ನಬಹುದು. ಎರಡನೆಯದಕ್ಕೆ ಹೌದು ಎನ್ನಲು ಆಧಾರವಿಲ್ಲ. ಇವೆರಡನ್ನೂ ಬೆರೆಸಿ ಮಾರುವವರಿಂದ ನೀವು ದೂರವಿರಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಎಲ್ಲಿಂದ ಬಂತು ಈ ಪದ್ಧತಿ?

1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಊರಿನಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬವರು ಇದನ್ನು ಆರಂಭಿಸಿದರು. ಬೆನ್ನೆಲುಬಿನ ಮಣಿಗಳು ಸ್ವಲ್ಪ ಸ್ಥಾನ ತಪ್ಪಿದರೂ ನರಗಳ ಕೆಲಸಕ್ಕೆ ಅಡ್ಡಿಯಾಗಿ ರೋಗಗಳು ಬರುತ್ತವೆ, ಕೈಯಿಂದ ಒತ್ತಿ ಅವನ್ನು ಸರಿಪಡಿಸಿದರೆ ದೇಹ ತಾನೇ ಗುಣಪಡಿಸಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ಎಲ್ಲ ರೋಗಗಳ ಬೇರು ಬೆನ್ನೆಲುಬಿನಲ್ಲಿದೆ ಎಂಬ ಆ ಮಾತನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಆದರೆ ಸಾಮಾನ್ಯ ಬೆನ್ನು ನೋವಿಗೆ, ತರಬೇತಿ ಪಡೆದವರು ಮಾಡುವ ಕೈಚಿಕಿತ್ಸೆ ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ ಎಂಬುದನ್ನು ಅದು ಅಲ್ಲಗಳೆಯುವುದಿಲ್ಲ. ಅಂದಹಾಗೆ ಆ ‘ಟಕ್’ ಶಬ್ದ ಮೂಳೆ ಸ್ಥಾನಕ್ಕೆ ಬಂದು ಕೂತ ಶಬ್ದವಲ್ಲ. ಕೀಲಿನ ದ್ರವದಲ್ಲಿ ಒತ್ತಡ ಬದಲಾದಾಗ ಗಾಳಿಯ ಗುಳ್ಳೆಯಿಂದ ಬರುವ ಸದ್ದು ಅದು. ಬೆರಳು ನೆಟಿಗೆ ಮುರಿದಾಗ ಕೇಳಿಸುವುದೂ ಅದೇ.

ನೋವು ಸುಳ್ಳಲ್ಲ

ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬೆನ್ನಿನ ಕೆಳಭಾಗದಲ್ಲಿ ನೋವು ಬರುತ್ತದೆ. ಐವರಲ್ಲಿ ಒಬ್ಬರಿಗೆ ಸೊಂಟದ ಮೂಳೆಗಳ ಕೀಲುಗಳಲ್ಲಿ, ಹಾಸಿಗೆಯಲ್ಲಿ ಹೊರಳುವಾಗ, ಮೆಟ್ಟಿಲು ಹತ್ತುವಾಗ, ಒಂಟಿ ಕಾಲಲ್ಲಿ ನಿಂತು ಸಲ್ವಾರ್ ಹಾಕುವಾಗ ಹಿಂಡುವಂತಹ ನೋವು ಕಾಣಿಸಿಕೊಳ್ಳುತ್ತದೆ. ಹಾರ್ಮೋನುಗಳ ಪ್ರಭಾವದಿಂದ ಕೀಲುಗಳನ್ನು ಹಿಡಿದಿಡುವ ಕಟ್ಟುಗಳು ಸಡಿಲವಾಗುತ್ತವೆ. ಹೊಟ್ಟೆ ಮುಂದೆ ಬಂದಂತೆ ದೇಹದ ಭಾರವೂ ಮುಂದಕ್ಕೆ ವಾಲುತ್ತದೆ, ಅದನ್ನು ಸಂಭಾಳಿಸಲು ಬೆನ್ನು ಹಿಂದಕ್ಕೆ ಬಾಗುತ್ತದೆ, ಸ್ನಾಯುಗಳು ದಣಿಯುತ್ತವೆ. ತಾಯಿ ದಣಿವಿನ ಮೇಲೆ ದಣಿವನ್ನು ಸಹಿಸಿ ಮಗುವನ್ನು ಹೊರುತ್ತಾಳೆ ಎಂಬುದನ್ನು ಕುರ್‌ಆನ್ ಲುಕ್ಮಾನ್ ಅಧ್ಯಾಯದಲ್ಲಿ ನೆನಪಿಸಿದೆ. ಅಲ್ಲಾಹನೇ ಗಣನೆಗೆ ತೆಗೆದುಕೊಂಡ ದಣಿವನ್ನು ನಾವು ‘ನಾಟಕ’ ಎನ್ನುವುದು ಸರಿಯೇ?

ಈ ನೋವಿಗೆ ಉಪಾಯಗಳಿವೆ. ಗರ್ಭಿಣಿಯರಿಗೆಂದೇ ಇರುವ ಹಗುರ ವ್ಯಾಯಾಮ ಬೆನ್ನು ನೋವನ್ನು ತಗ್ಗಿಸುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಗಳು ಹೇಳಿವೆ. ಸೊಂಟಕ್ಕೆ ಆಧಾರ ಕೊಡುವ ಬೆಲ್ಟ್ ಕೆಲವರಿಗೆ ಒಗ್ಗುತ್ತದೆ. ಕೈಚಿಕಿತ್ಸೆಯಿಂದ ಹಾಯೆನಿಸಿತು ಎನ್ನುವವರೂ ಇದ್ದಾರೆ, ಆದರೆ ಅದರ ಪರವಾದ ಪುರಾವೆ ಚಿಕ್ಕದು. ಹೀಗಿರುವಾಗ ಮೊದಲು ನಿಮ್ಮ ಹೆರಿಗೆ ವೈದ್ಯರಿಗೆ ತಿಳಿಸುವುದು, ಅವರು ಸೂಚಿಸಿದ ಫಿಸಿಯೋಥೆರಪಿಸ್ಟ್ ಬಳಿ ವ್ಯಾಯಾಮ ಕಲಿಯುವುದು ಬುದ್ಧಿವಂತಿಕೆ. ಮೆಡಿಕಲ್ ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆ ತರಿಸಿ ನುಂಗಲೇಬೇಡಿ. 20 ವಾರಗಳ ನಂತರ ಇವು ಮಗುವಿನ ಮೂತ್ರಪಿಂಡಕ್ಕೆ, ಕೊನೆಯ ತಿಂಗಳುಗಳಲ್ಲಿ ಹೃದಯದ ರಕ್ತನಾಳಕ್ಕೆ ತೊಂದರೆ ಮಾಡಬಲ್ಲವು.

ಮಗು ತಿರುಗಿಸುವ ಮಾತು

ಈಗ ಎರಡನೆಯ ಪ್ರಶ್ನೆ. ಲ್ಯಾರಿ ವೆಬ್‌ಸ್ಟರ್ ಎಂಬ ಅಮೆರಿಕದ ಕೈರೊಪ್ರಾಕ್ಟರ್ ರೂಪಿಸಿದ ಒಂದು ವಿಧಾನ ‘ವೆಬ್‌ಸ್ಟರ್ ತಂತ್ರ’ ಎಂದೇ ಪ್ರಸಿದ್ಧ. ಬೆನ್ನೆಲುಬಿನ ಬುಡದ ತ್ರಿಕೋನ ಮೂಳೆಯನ್ನು ಸರಿಪಡಿಸಿ, ಹೊಟ್ಟೆಯ ಕೆಳಭಾಗದ ಕಟ್ಟುಗಳ ಬಿಗಿತ ಸಡಿಲಿಸಿದರೆ, ತಲೆ ಮೇಲಾಗಿ ಕುಳಿತ ಮಗುವಿಗೆ ತಿರುಗಲು ಜಾಗ ಸಿಗುತ್ತದೆ ಎಂಬುದು ಅದರ ಹಿಂದಿನ ವಾದ. 2002ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ 82 ಶೇಕಡಾ ಯಶಸ್ಸಿನ ಅಂಕಿಯನ್ನು ಇದಕ್ಕೆ ಆಧಾರವಾಗಿ ತೋರಿಸಲಾಗುತ್ತದೆ.

ಆ ಅಂಕಿ ಎಲ್ಲಿಂದ ಬಂತು ಎಂದು ನೋಡಿ. ಯಶಸ್ಸಾಯಿತು ಎಂದು ಹೇಳಿದವರು ಚಿಕಿತ್ಸೆ ಕೊಟ್ಟ ಕೈರೊಪ್ರಾಕ್ಟರ್‌ಗಳೇ. ಪ್ರಶ್ನೆ ಕಳುಹಿಸಿದವರಲ್ಲಿ ಐವರಲ್ಲಿ ಒಬ್ಬರಷ್ಟೂ ಉತ್ತರಿಸಿರಲಿಲ್ಲ. ಚಿಕಿತ್ಸೆ ಪಡೆಯದ ತಾಯಂದಿರ ಮಕ್ಕಳಲ್ಲಿ ಎಷ್ಟು ತಾವಾಗಿಯೇ ತಿರುಗಿದವು ಎಂಬ ಹೋಲಿಕೆ ಅದರಲ್ಲಿರಲಿಲ್ಲ. ಈ ಹೋಲಿಕೆಯೇ ಮುಖ್ಯ. 28ನೇ ವಾರದಲ್ಲಿ ಸುಮಾರು ಐದು ಮಕ್ಕಳಲ್ಲಿ ಒಂದು ತಲೆ ಮೇಲಾಗಿರುತ್ತದೆ. ದಿನ ತುಂಬುವ ಹೊತ್ತಿಗೆ ಹಾಗೆ ಉಳಿಯುವುದು 100ರಲ್ಲಿ 3-4 ಮಾತ್ರ. ಉಳಿದವು ಯಾರೂ ಮುಟ್ಟದೆ ತಿರುಗಿಕೊಂಡಿರುತ್ತವೆ. ಆ ವಾರಗಳಲ್ಲಿ ಯಾರು ಏನು ಮಾಡಿದರೂ ಹೆಸರು ಅವರಿಗೇ ಬರುತ್ತದೆ. ಸೊಂಟ ಒತ್ತಿದವರಿಗೂ ಬರುತ್ತದೆ, ಎಣ್ಣೆ ಹಚ್ಚಿದವರಿಗೂ ಬರುತ್ತದೆ, ನೂಲು ಮಂತ್ರಿಸಿ ಕಟ್ಟಿದವರಿಗೂ ಬರುತ್ತದೆ.

ತಲೆ ಮೇಲಾದ ಮಗುವಿಗೆ ಪರೀಕ್ಷಿತ ಉಪಾಯ ಬೇರೆ ಇದೆ. 36-37ನೇ ವಾರದಲ್ಲಿ ತಜ್ಞ ವೈದ್ಯರು ಸ್ಕ್ಯಾನ್ ನೋಡಿ, ಗರ್ಭಕೋಶ ಸಡಿಲಿಸುವ ಔಷಧ ಕೊಟ್ಟು, ಹೊಟ್ಟೆಯ ಮೇಲಿನಿಂದ ಮಗುವನ್ನು ನಿಧಾನವಾಗಿ ತಿರುಗಿಸುತ್ತಾರೆ. ಸುಮಾರು ಅರ್ಧದಷ್ಟು ಬಾರಿ ಇದು ಫಲಿಸುತ್ತದೆ. ಇನ್ನೂರರಲ್ಲಿ ಒಬ್ಬರಿಗೆ ತುರ್ತಾಗಿ ಸಿಸೇರಿಯನ್ ಬೇಕಾಗಬಹುದು. ಅದಕ್ಕಾಗಿಯೇ ಮಗುವಿನ ಹೃದಯ ಬಡಿತ ಗಮನಿಸುವ ಯಂತ್ರ ಮತ್ತು ಆಪರೇಷನ್ ಥಿಯೇಟರ್ ಇರುವ ಆಸ್ಪತ್ರೆಯಲ್ಲಷ್ಟೇ ಇದನ್ನು ಮಾಡುತ್ತಾರೆ. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಿದ್ದರೆ ಅಥವಾ ಅವಳಿ ಮಕ್ಕಳಿದ್ದರೆ ಮಾಡುವುದಿಲ್ಲ. ನಿಮ್ಮ ವೈದ್ಯರು ನೇರವಾಗಿ ಸಿಸೇರಿಯನ್ ದಿನ ಕೊಟ್ಟಿದ್ದರೆ, ‘ತಿರುಗಿಸಲು ಪ್ರಯತ್ನಿಸಬಹುದೇ?’ ಎಂದು ಕೇಳುವ ಹಕ್ಕು ನಿಮಗಿದೆ.

ಇದೇ ಕಾರಣಕ್ಕೆ, ಮನೆಯಲ್ಲಿ ಹೊಟ್ಟೆ ತಿಕ್ಕಿ ಮಗು ‘ಸರಿ ಮಾಡುವ’ ಹಳೆಯ ರೂಢಿಯನ್ನೂ ಬಿಡಬೇಕು. ಒರಟಾಗಿ ಒತ್ತಿದರೆ ಮಾಸು ಗರ್ಭಕೋಶದ ಗೋಡೆಯಿಂದ ಕಿತ್ತು ಬರಬಹುದು. ಹಿಂದೆ ಸಿಸೇರಿಯನ್ ಆದವರಿಗೆ ಅಪಾಯ ಇನ್ನೂ ಹೆಚ್ಚು. ಬೆನ್ನಿಗೆ, ಕಾಲಿಗೆ ಮೃದುವಾಗಿ ಎಣ್ಣೆ ಹಚ್ಚುವುದು ಬೇರೆ, ಹೊಟ್ಟೆ ಅದುಮುವುದು ಬೇರೆ.

ಸಿಸೇರಿಯನ್ ಭಯ

ಈ ಭರವಸೆ ಯಾಕೆ ಮಾರಾಟವಾಗುತ್ತದೆ ಎಂದರೆ ಜನರ ಭಯಕ್ಕೆ ಕಾರಣವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 100 ಹೆರಿಗೆಗಳಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಮೀರಿದೆ. ‘ಎಲ್ಲವೂ ಬೇಕಾಗಿಯೇ ಮಾಡಿದ್ದೇ?’ ಎಂದು ಕುಟುಂಬಗಳು ಕೇಳುವುದು ತಪ್ಪಲ್ಲ. ಆದರೆ ಆ ಪ್ರಶ್ನೆಯನ್ನು ವೈದ್ಯರ ಎದುರಿಗೇ ಕೇಳಬೇಕು, ಕಾರಣ ಬಿಡಿಸಿ ಹೇಳಿಸಿಕೊಳ್ಳಬೇಕು, ಅನುಮಾನವಿದ್ದರೆ ಇನ್ನೊಬ್ಬ ವೈದ್ಯರಿಗೆ ತೋರಿಸಬೇಕು. ಅದು ಬಿಟ್ಟು ತಪಾಸಣೆ ತಪ್ಪಿಸಿ ಸೊಂಟ ಒತ್ತಿಸಿಕೊಂಡರೆ ಬೇಡದ ಆಪರೇಷನ್ ತಪ್ಪುತ್ತದೆ ಎಂದೇನಿಲ್ಲ. ಬೇಕಾದ ಆಪರೇಷನ್ ತಡವಾಗುವ ಅಪಾಯ ಮಾತ್ರ ಇದ್ದೇ ಇದೆ.

ಹೋಗುವುದಾದರೆ

ಇಷ್ಟಾದರೂ ನೋವಿಗಾಗಿ ಕೈರೊಪ್ರಾಕ್ಟರ್ ಬಳಿ ಹೋಗಬೇಕೆನಿಸಿದರೆ ಮೊದಲು ನಿಮ್ಮ ಹೆರಿಗೆ ವೈದ್ಯರ ಒಪ್ಪಿಗೆ ಪಡೆಯಿರಿ. ಅಮೆರಿಕ, ಬ್ರಿಟನ್‌ಗಳಲ್ಲಿ ಕೈರೊಪ್ರಾಕ್ಟರ್‌ಗಳಿಗೆ ಪರವಾನಗಿಯ ಕಾನೂನಿದೆ. ನಮ್ಮ ದೇಶದಲ್ಲಿ ಇದಕ್ಕೆ ಪ್ರತ್ಯೇಕ ಕಾನೂನುಬದ್ಧ ಮಂಡಳಿ ಇಲ್ಲ. ಆದ್ದರಿಂದ ಎಲ್ಲಿ ಕಲಿತರು, ಎಷ್ಟು ವರ್ಷ ಕಲಿತರು, ಗರ್ಭಿಣಿಯರಿಗೆ ಚಿಕಿತ್ಸೆ ನೀಡುವ ತರಬೇತಿ ಇದೆಯೇ ಎಂದು ಕೇಳುವ ಹೊಣೆ ನಿಮ್ಮ ಮೇಲೆಯೇ ಬೀಳುತ್ತದೆ. ಕತ್ತು ತಿರುಚಲು ಬಿಡಬೇಡಿ. ಅಪರೂಪಕ್ಕಾದರೂ ಕತ್ತಿನ ರಕ್ತನಾಳ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವರದಿಯಾಗಿವೆ, ಮತ್ತು ಸೊಂಟ ನೋವಿಗೆ ಕತ್ತು ತಿರುಚುವ ಅಗತ್ಯವೂ ಇಲ್ಲ. ಎಕ್ಸ್‌ರೇ ಬೇಕೆಂದರೆ, ಹೊಟ್ಟೆಯ ಮೇಲೆ ಒತ್ತಿದರೆ, ಹತ್ತಾರು ಭೇಟಿಗಳ ಹಣವನ್ನು ಮುಂಗಡ ಕೇಳಿದರೆ, ನಾರ್ಮಲ್ ಹೆರಿಗೆಯ ಮಾತು ಕೊಟ್ಟರೆ ಎದ್ದು ಬನ್ನಿ.

ನಮ್ಮ ಕುಟುಂಬಗಳಿಗೆ ಇನ್ನೊಂದು ಮಾತು. ಚಿಕಿತ್ಸಕಿ ಮಹಿಳೆಯೇ ಆಗಿರಬೇಕೆಂದು ಬಯಸುವುದು ಸರಿ, ಕೇಳಿ ಪಡೆಯಿರಿ. ಆದರೆ ‘ಲೇಡೀಸ್ ಇದ್ದಾರೆ’ ಎಂಬುದೊಂದೇ ಅರ್ಹತೆಯಾಗಬಾರದು. ತರಬೇತಿಯಿಲ್ಲದ ಕೈ ಹೆಣ್ಣಿನದಾದರೂ ಅಪಾಯಕಾರಿಯೇ. ಅನಿವಾರ್ಯ ಚಿಕಿತ್ಸೆಗಾಗಿ ಅಗತ್ಯವಿರುವಷ್ಟು ಮಟ್ಟಿಗೆ ಧರ್ಮದಲ್ಲಿ ಅವಕಾಶವಿದೆ. ವೈದ್ಯೆ ಸಿಗಲಿಲ್ಲವೆಂದು ತಪಾಸಣೆಯನ್ನೇ ಬಿಡುವುದು ಧರ್ಮನಿಷ್ಠೆಯಲ್ಲ.

ಕಾಯಬಾರದ ನೋವು

ಎಲ್ಲ ಬೆನ್ನು ನೋವೂ ‘ಇದ್ದದ್ದೇ’ ಅಲ್ಲ. 37 ವಾರಕ್ಕೆ ಮೊದಲು ಬಿಟ್ಟು ಬಿಟ್ಟು ಬರುವ ಬೆನ್ನು ನೋವು ಅವಧಿಗೆ ಮುಂಚಿನ ಹೆರಿಗೆಯ ಸೂಚನೆಯಾಗಿರಬಹುದು. ಚಳಿಜ್ವರ, ಉರಿಮೂತ್ರದ ಜೊತೆ ಬರುವ ನೋವು ಮೂತ್ರಪಿಂಡದ ಸೋಂಕಿರಬಹುದು. ರಕ್ತಸ್ರಾವ, ನೀರು ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದು, ವಿಪರೀತ ತಲೆನೋವಿನೊಂದಿಗೆ ಕಣ್ಣು ಮಂಜಾಗುವುದು, ಒಂದೇ ಕಾಲು ಊದಿ ನೋಯುವುದು, ತೊಡೆಯ ನಡುವೆ ಜೋಮು ಹಿಡಿದು ಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದೇ ಕಂಡರೂ ಮಾಲೀಶಿಗೂ ಕ್ಲಿನಿಕ್‌ಗೂ ಅಲೆಯದೆ ಆಸ್ಪತ್ರೆಗೆ ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಹಣದ ಚಿಂತೆಯಿಂದ ತಪಾಸಣೆ ಬಿಟ್ಟವರು ನೆನಪಿಡಿ: ನಾಲ್ಕನೇ ತಿಂಗಳಿನಿಂದ ಗರ್ಭಿಣಿಯರಿಗೆ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ವಿಶೇಷ ಉಚಿತ ತಪಾಸಣೆ ಇರುತ್ತದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.

ಮನೆಯವರ ಪಾಲು

ಕೊನೆಯದಾಗಿ, ಯಾವ ಕ್ಲಿನಿಕ್‌ನಲ್ಲೂ ಸಿಗದ ಚಿಕಿತ್ಸೆ ಮನೆಯಲ್ಲಿದೆ. ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಒದ್ದೆ ಬಟ್ಟೆಯ ಬಕೆಟ್ ಅವಳು ಎತ್ತಬಾರದು. ಕುಕ್ಕರಗಾಲಲ್ಲಿ ಕೂತು ಬಟ್ಟೆ ಒಗೆಯುವುದು, ನೆಲ ಒರೆಸುವುದು ಸೊಂಟ ನೋಯುವವಳಿಗೆ ವ್ಯಾಯಾಮವಲ್ಲ. ದೊಡ್ಡ ಮಗುವನ್ನು ಸೊಂಟದ ಮೇಲೆ ಹೊರುವ ಸರದಿ ಗಂಡನದು. ಏಳನೇ ತಿಂಗಳಿನಿಂದ ಮಗ್ಗುಲಾಗಿ ಮಲಗಲಿ, ಮೊಣಕಾಲುಗಳ ನಡುವೆ ಒಂದು ದಿಂಬಿರಲಿ. ನಿಂತು ನಮಾಝ್ ಮಾಡಲು, ಸುಜೂದ್‌ಗೆ ಬಾಗಲು ಕಷ್ಟವಾದರೆ ಕುಳಿತು ನಿರ್ವಹಿಸುವ ರಿಯಾಯಿತಿ ಶರೀಅತ್ತಿನಲ್ಲಿದೆ. ಅವಳು ಕುರ್ಚಿ ಎಳೆದುಕೊಂಡಾಗ ಹುಬ್ಬೇರಿಸಬೇಡಿ.

ಅತ್ತೆಯಂದಿರೇ, ತಾಯಂದಿರೇ, ನೀವೂ ಈ ನೋವು ಉಂಡವರು. ನಿಮ್ಮ ಕಾಲದಲ್ಲಿ ಕೇಳುವವರಿರಲಿಲ್ಲ ಎಂಬುದು ಈಗ ಕೇಳದಿರಲು ಕಾರಣವಾಗಬಾರದು. ‘ಎಲ್ಲಿ ನೋಯುತ್ತದೆ? ಯಾವಾಗಿನಿಂದ?’ ಎಂದು ಇವತ್ತೇ ಕೇಳಿ, ಮುಂದಿನ ತಪಾಸಣೆಗೆ ಜೊತೆಯಲ್ಲಿ ಹೋಗಿ, ಅವಳು ಸಂಕೋಚಪಟ್ಟರೆ ವೈದ್ಯರಿಗೆ ನೀವೇ ಹೇಳಿ.